ಕ್ಯಾನ್ಯನ್ ಡಿ ಶೇಯ ಮರಳಿನಲ್ಲಿ ವಾಹನ ಚಾಲನೆ: ನವಾಹೋ ನಾಡಿನ ಕಣಿವೆಗೆ ಇಳಿಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಅರಿಝೋನಾ ರಾಜ್ಯದ ಈಶಾನ್ಯ ಭಾಗದಲ್ಲಿ ಚಿನ್ಲಿ ಎಂಬ ಊರಿದೆ. ಆ ಊರಿನ ಅಂಚಿನಲ್ಲೇ ಕ್ಯಾನ್ಯನ್ ಡಿ ಶೇ ಆರಂಭವಾಗುತ್ತದೆ. ಪ್ರವೇಶದ ಬಳಿ ಸುಮಾರು 30 ಅಡಿಯಷ್ಟೇ ಇರುವ ಕೆಂಪು ಮರಳುಗಲ್ಲಿನ ಗೋಡೆಗಳು ಒಳಗೆ ಹೋದಂತೆಲ್ಲ ಏರುತ್ತ ಸಾವಿರ ಅಡಿ ದಾಟುತ್ತವೆ. ಅವುಗಳ ನಡುವಿನ ಸಮತಟ್ಟಾದ ತಳದಲ್ಲಿ ಹೊಲಗಳಿವೆ, ಹಣ್ಣಿನ ಮರಗಳಿವೆ, ಬಂಡೆಯ ಪೊಟರೆಗಳಲ್ಲಿ ಪ್ರಾಚೀನ ಜನರು ಕಟ್ಟಿದ ಮನೆಗಳ ಅವಶೇಷಗಳಿವೆ. ಈ ತಳದಲ್ಲಿ ವಾಹನ ಓಡುತ್ತದೆ, ಆದರೆ ಅಲ್ಲಿ ನಾವು ತಿಳಿದ ಅರ್ಥದ ರಸ್ತೆ ಇಲ್ಲ. ಹಳ್ಳದ ಪಾತ್ರವೇ ರಸ್ತೆ. ಪ್ರತಿ ಪ್ರವಾಹವೂ ಆ ಪಾತ್ರವನ್ನು ಬದಲಿಸುವುದರಿಂದ ಕಳೆದ ತಿಂಗಳು ಗಟ್ಟಿಯಾಗಿದ್ದ ಜಾಗ ಈ ತಿಂಗಳು ಚಕ್ರವನ್ನು ನುಂಗಬಹುದು, ನಿನ್ನೆ ಇಳಿಜಾರಾಗಿದ್ದ ದಡ ಇಂದು ಕಡಿದಾದ ಗೋಡೆಯಾಗಿ ನಿಂತಿರಬಹುದು. ಇಲ್ಲಿ ಹಳೆಯ ನಕ್ಷೆಯೂ ಮೊಬೈಲಿನಲ್ಲಿ ಉಳಿಸಿಕೊಂಡ ದಾರಿಯೂ ನಂಬಿಕೆಗೆ ಅರ್ಹವಲ್ಲ. ಈ ವಾರ ಆ ಪಾತ್ರದಲ್ಲಿ ಓಡಾಡಿದ ಮನುಷ್ಯನ ಕಣ್ಣೊಂದೇ ನಂಬಿಕೆಗೆ ಅರ್ಹ.

ಫೀನಿಕ್ಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿರುವ, ಸ್ವಂತ ಫೋರ್ ವೀಲ್ ಡ್ರೈವ್ ವಾಹನವುಳ್ಳ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸಕಲೇಶಪುರದ ಕಾಫಿ ತೋಟಗಳ ಕೆಸರಿನಲ್ಲಿ ಜೀಪು ಓಡಿಸಿ ಕೈ ಪಳಗಿದವರೂ ಇಲ್ಲಿ ಕೆಲವು ಅಭ್ಯಾಸಗಳನ್ನು ಬಿಡಬೇಕಾಗುತ್ತದೆ. ಕೆಸರಿನಲ್ಲಿ ಚಕ್ರವನ್ನು ಜೋರಾಗಿ ತಿರುಗಿಸಿದರೆ ಟೈರಿನ ಗೀರುಗಳಲ್ಲಿ ಸಿಕ್ಕ ಮಣ್ಣು ಸಿಡಿದು ಹೋಗಿ ಕೆಲವೊಮ್ಮೆ ಹಿಡಿತ ಮರಳಿ ಬರುತ್ತದೆ. ಒಣ ಮರಳಿನಲ್ಲಿ ಅದೇ ಕೆಲಸ ಮಾಡಿದರೆ ವಾಹನ ಅಚ್ಚಿನವರೆಗೂ ಹೂತುಹೋಗುತ್ತದೆ.

ಇದು ಯಾರ ನೆಲ ಎಂಬುದನ್ನು ಮೊದಲು ತಿಳಿಯಿರಿ

ಕ್ಯಾನ್ಯನ್ ಡಿ ಶೇಯನ್ನು 1931ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಸುಮಾರು 84,000 ಎಕರೆಯ ಈ ಪ್ರದೇಶದ ಆಡಳಿತದಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಗೆ ಪಾತ್ರವಿದ್ದರೂ ನೆಲ ಮಾತ್ರ ಪೂರ್ತಿಯಾಗಿ ನವಾಹೋ ಎಂಬ ಮೂಲನಿವಾಸಿ ಜನರದು. ತಮ್ಮನ್ನು ದಿನೆ ಎಂದು ಕರೆದುಕೊಳ್ಳುವ ಈ ಜನರ ಕುಟುಂಬಗಳು ಇಂದಿಗೂ ಕಣಿವೆಯ ತಳದಲ್ಲಿ ಜೋಳ ಬೆಳೆಯುತ್ತವೆ, ಕುರಿ ಸಾಕುತ್ತವೆ. 1864ರ ಚಳಿಗಾಲದಲ್ಲಿ ಕಿಟ್ ಕಾರ್ಸನ್ ನೇತೃತ್ವದ ಅಮೆರಿಕದ ಸೇನೆ ಇದೇ ಕಣಿವೆಗೆ ನುಗ್ಗಿತು. ಅದೇ ವರ್ಷ ಇಲ್ಲಿನ ಪೀಚ್ ತೋಟಗಳನ್ನು ಕಡಿದುಹಾಕಲಾಯಿತು. ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೊದ ಬೋಸ್ಕ್ ರೆಡೊಂಡೊದಲ್ಲಿ ಸೆರೆಯಲ್ಲಿಡಲಾಯಿತು. 1868ರ ಒಪ್ಪಂದದ ನಂತರ ಅವರು ತಮ್ಮ ನೆಲಕ್ಕೆ ಮರಳಿದರು. ಹಾಗೆ ಕಳೆದುಕೊಂಡು ಮರಳಿ ಪಡೆದ ಊರಿಗೆ ಅತಿಥಿಯಾಗಿ ಹೋಗುತ್ತಿದ್ದೇವೆ ಎಂಬ ಅರಿವು ಚಾಲಕನ ಆಸನದಲ್ಲಿ ಕುಳಿತವರಿಗೆ ಇರಲೇಬೇಕು. ಆ ಅರಿವಿದ್ದರೆ ನಿಯಮಗಳು ಕಿರಿಕಿರಿಯೆನಿಸುವುದಿಲ್ಲ.

ಅನುಮತಿ, ಮಾರ್ಗದರ್ಶಕರು, ಗಡಿಯಾರ

ಕಣಿವೆಯ ಮೇಲಂಚಿನ ಉತ್ತರ ಮತ್ತು ದಕ್ಷಿಣ ದಿಕ್ಕಿನ ಎರಡು ಡಾಂಬರು ರಸ್ತೆಗಳಲ್ಲಿ ಯಾರು ಬೇಕಾದರೂ ತಮ್ಮ ಕಾರಿನಲ್ಲಿ ಹೋಗಿ, ವೀಕ್ಷಣಾ ತಾಣಗಳಿಂದ ಕೆಳಗೆ ನೋಡಬಹುದು. ತಳಕ್ಕೆ ವಾಹನ ಇಳಿಸಬೇಕಾದರೆ ಮಾತ್ರ ಅಧಿಕೃತ ನವಾಹೋ ಮಾರ್ಗದರ್ಶಕರು ಜೊತೆಗಿರಬೇಕು, ಅನುಮತಿ ಪತ್ರವೂ ಇರಬೇಕು. ಇದಕ್ಕೆ ವಿನಾಯಿತಿ ಇಲ್ಲ. ಹೆಚ್ಚಿನ ಮಾರ್ಗದರ್ಶಕರು ತಮ್ಮದೇ ಜೀಪಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದರು. ಕೆಲವರು ನಿಮ್ಮ ವಾಹನದಲ್ಲಿ ನಿಮ್ಮ ಪಕ್ಕ ಕುಳಿತು ದಾರಿ ತೋರಿಸಲು ಒಪ್ಪುತ್ತಿದ್ದರು. ತಳದ ವಾಹನ ಸಂಚಾರದ ನಿಯಮಗಳು ಬದಲಾಗುವುದರಿಂದ ಇವೆರಡಕ್ಕೂ ಈಗ ಅವಕಾಶವಿದೆಯೇ ಎಂದು ಮೊದಲು ಕೇಳಿಕೊಳ್ಳಿರಿ. ಎರಡನೆಯದು ನಿಮ್ಮ ಆಯ್ಕೆಯಾದರೆ ವಾಹನ ಯಾವುದು, ಟೈರು ಯಾವ ಸ್ಥಿತಿಯಲ್ಲಿದೆ, ಮರಳಿನಲ್ಲಿ ಓಡಿಸಿದ ಅನುಭವ ಎಷ್ಟು ಎಂಬುದನ್ನು ಮೊದಲೇ ಪ್ರಾಮಾಣಿಕವಾಗಿ ತಿಳಿಸಿರಿ, ಶುಲ್ಕವನ್ನೂ ಅವಧಿಯನ್ನೂ ಮುಂಚಿತವಾಗಿ ಮಾತನಾಡಿಕೊಳ್ಳಿರಿ. ಕೈಯಲ್ಲಿ ನಗದು ಇರಲಿ. ಮರಳಿನಲ್ಲಿ ಇದುವರೆಗೆ ಓಡಿಸಿಯೇ ಇಲ್ಲದವರಿಗೆ ನನ್ನ ಸ್ಪಷ್ಟ ಸಲಹೆಯೆಂದರೆ, ಅವಕಾಶವಿದ್ದರೆ ಮೊದಲ ಸಲ ಅವರ ವಾಹನದಲ್ಲೇ ಹೋಗಿ, ಅವರ ಕೈಯೂ ಕಾಲೂ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಗಮನಿಸುವುದು.

ಬಾಡಿಗೆ ಕಾರಿನ ಬಗ್ಗೆ ಒಂದು ಮಾತು. ಅಮೆರಿಕದ ಬಹುತೇಕ ಬಾಡಿಗೆ ಒಪ್ಪಂದಗಳು ಡಾಂಬರು ಇಲ್ಲದ ರಸ್ತೆಯಲ್ಲಿ ಓಡಿಸುವುದನ್ನು ನಿಷೇಧಿಸುತ್ತವೆ. ವಾಹನದ ಮೇಲೆ ಫೋರ್ ವೀಲ್ ಡ್ರೈವ್ ಎಂದು ಬರೆದಿದ್ದರೂ ಒಪ್ಪಂದದ ಷರತ್ತು ಬದಲಾಗುವುದಿಲ್ಲ. ಅಲ್ಲಿ ಹಾನಿಯಾದರೆ ವಿಮೆಯೂ ಕೈಬಿಡಬಹುದು. ಒಪ್ಪಂದವನ್ನು ಓದದೆ ಹಳ್ಳಕ್ಕೆ ಇಳಿಯಬೇಡಿರಿ.

ಗಡಿಯಾರದ ಗೊಂದಲಕ್ಕೆ ಸಿಕ್ಕಿ ಮಾರ್ಗದರ್ಶಕರನ್ನು ತಪ್ಪಿಸಿಕೊಳ್ಳುವವರು ಬಹಳ. ಅರಿಝೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದೆ ಸರಿಸುವುದಿಲ್ಲ, ನವಾಹೋ ನಾಡು ಸರಿಸುತ್ತದೆ. ಆದ್ದರಿಂದ ಮಾರ್ಚ್‌ನಿಂದ ನವೆಂಬರ್‌ವರೆಗೆ ಚಿನ್ಲಿಯ ಸಮಯ ಫೀನಿಕ್ಸ್‌ಗಿಂತ ಒಂದು ಗಂಟೆ ಮುಂದಿರುತ್ತದೆ. ಮೊಬೈಲ್ ತನ್ನಷ್ಟಕ್ಕೆ ತಾನೇ ಹಿಂದೆ ಮುಂದೆ ಜಿಗಿಯುತ್ತಿರುತ್ತದೆ. ಹಿಂದಿನ ರಾತ್ರಿ ಚಿನ್ಲಿಯಲ್ಲೇ ತಂಗಿ, ಅಲ್ಲಿನವರನ್ನೇ ಸಮಯ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಋತುವಿನ ಆಯ್ಕೆ

ಕಣಿವೆಯ ನೀರು ಪೂರ್ವದಲ್ಲಿರುವ ಚುಸ್ಕಾ ಬೆಟ್ಟಗಳಿಂದ ಬರುತ್ತದೆ. ವಸಂತದಲ್ಲಿ ಆ ಬೆಟ್ಟಗಳ ಹಿಮ ಕರಗಿ ಹಳ್ಳ ವಾರಗಟ್ಟಲೆ ಹರಿಯುತ್ತದೆ, ಕೆಲವೊಮ್ಮೆ ವಾಹನ ಸಂಚಾರವೇ ನಿಲ್ಲುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ನೀರು ಇಳಿದು ಮರಳು ಪೂರ್ತಿ ಒಣಗಿ ಸಡಿಲವಾಗುತ್ತದೆ, ಗಾಳಿಯೂ ಜೋರು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆಯ ಕಾಲ, ದಿಢೀರ್ ಪ್ರವಾಹದ ಕಾಲ. ಚಳಿಗಾಲದಲ್ಲಿ ಹರಿವಿನ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ಚಿನ್ಲಿ ಸುಮಾರು 5,500 ಅಡಿ ಎತ್ತರದಲ್ಲಿದೆ, ರಾತ್ರಿಯ ಚಳಿಯನ್ನು ಮರುಭೂಮಿಯೆಂದು ಹಗುರವಾಗಿ ಕಾಣಬಾರದು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭದವರೆಗಿನ ಅವಧಿ ನನ್ನ ಮೆಚ್ಚಿನದು: ಮಳೆ ಇಳಿದಿರುತ್ತದೆ, ಬಿಸಿಲು ಹದವಾಗಿರುತ್ತದೆ, ಹಳ್ಳದ ದಡದ ಕಾಟನ್‌ವುಡ್ ಮರಗಳ ಎಲೆ ಹಳದಿಗೆ ತಿರುಗಿರುತ್ತದೆ.

ವಾಹನ ಮತ್ತು ಸಾಮಾನು

ಬೇಕಾದದ್ದು ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಓಡಿಸುವ ಗೇರು) ಇರುವ ಫೋರ್ ವೀಲ್ ಡ್ರೈವ್ ವಾಹನ, ನೆಲದಿಂದ ಸಾಕಷ್ಟು ಎತ್ತರದ ತಳಭಾಗ, ಸವೆಯದ ಟೈರುಗಳು, ಪೂರ್ಣ ಅಳತೆಯ ಸ್ಟೆಪ್ನಿ. ಪೇಟೆಯ ಓಡಾಟಕ್ಕೆಂದು ಮಾಡಿದ ಆಲ್ ವೀಲ್ ಡ್ರೈವ್ ಕಾರುಗಳು ಆಳದ ಮರಳಿನಲ್ಲಿ ಬೇಗ ಬಿಸಿಯೇರಿ ಸೋಲುತ್ತವೆ. ಮುಂದೆಯೂ ಹಿಂದೆಯೂ ಚಾಸಿಗೆ ಬೋಲ್ಟ್ ಮಾಡಿದ ಎಳೆಯುವ ಕೊಂಡಿಗಳು ಇರಲೇಬೇಕು. ಟ್ರೇಲರ್ ಕಟ್ಟುವ ಗುಂಡಿಗೆ ಎಂದಿಗೂ ಎಳೆಯುವ ಪಟ್ಟಿಯನ್ನು ಸಿಕ್ಕಿಸಬಾರದು. ಸೆಳೆತದ ಭಾರಕ್ಕೆ ಆ ಗುಂಡು ಮುರಿದರೆ ಫಿರಂಗಿಯ ಗುಂಡಿನಂತೆ ಹಾರಿ ಜೀವ ತೆಗೆಯುತ್ತದೆ.

ಜೊತೆಗೆ ಟೈರಿನ ಗಾಳಿ ಅಳೆಯುವ ಗೇಜ್, ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್, ಉದ್ದ ಹಿಡಿಕೆಯ ಸಲಿಕೆ, ಚಕ್ರದ ಕೆಳಗೆ ಇಡುವ ಎರಡು ಟ್ರ್ಯಾಕ್ಷನ್ ಹಲಗೆಗಳು, ಹಿಗ್ಗುವ ಬಗೆಯ ಎಳೆಯುವ ಪಟ್ಟಿ ಮತ್ತು ಅದನ್ನು ಕೊಂಡಿಗೆ ಸಿಕ್ಕಿಸುವ ಶ್ಯಾಕಲ್‌ಗಳು, ಪಂಕ್ಚರ್ ಕಿಟ್, ಜಾಕ್ ಮರಳಿನಲ್ಲಿ ಮುಳುಗದಂತೆ ಅದರ ಕೆಳಗಿಡಲು ಒಂದು ಅಗಲ ಮರದ ಹಲಗೆ ಇಟ್ಟುಕೊಳ್ಳಿರಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕನಿಷ್ಠ. ಮರಳಿನಲ್ಲಿ ಇಂಧನ ಹೆದ್ದಾರಿಗಿಂತ ಬಹಳ ಹೆಚ್ಚು ಖರ್ಚಾಗುವುದರಿಂದ ಚಿನ್ಲಿಯಲ್ಲಿ ಟ್ಯಾಂಕ್ ತುಂಬಿಸಿಯೇ ಹೊರಡಿರಿ. ಗೋಡೆಗಳ ನಡುವೆ ಮೊಬೈಲ್ ಸಿಗ್ನಲ್ ಇರುತ್ತದೆ ಎಂದು ನಂಬಿಕೊಂಡು ಇಳಿಯಬಾರದು. ಮದ್ಯವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿರಿ, ನವಾಹೋ ನೆಲದಲ್ಲಿ ಅದನ್ನು ಇಟ್ಟುಕೊಳ್ಳುವುದೂ ಕಾನೂನುಬಾಹಿರ. ಡ್ರೋನ್ ಹಾರಿಸುವುದಕ್ಕೂ ಅವಕಾಶವಿಲ್ಲ.

ಟೈರಿನ ಗಾಳಿ ಇಳಿಸುವುದು

ಮರಳಿನ ಚಾಲನೆಯಲ್ಲಿ ಅರ್ಧ ಗೆಲುವು ಈ ಒಂದು ಕೆಲಸದಲ್ಲಿದೆ. ಹೆದ್ದಾರಿಯಲ್ಲಿ 32ರಿಂದ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟೈರನ್ನು ಹಳ್ಳಕ್ಕೆ ಇಳಿಯುವ ಮೊದಲು 18ಕ್ಕೆ, ಮರಳು ತೀರ ಸಡಿಲವಾಗಿದ್ದರೆ 15ಕ್ಕೆ ಇಳಿಸಬೇಕು. ಗಾಳಿ ಇಳಿಯುತ್ತಿರುವಾಗ ಪಕ್ಕದಲ್ಲಿ ಕುಳಿತು ನೋಡಿದರೆ ನೆಲ ಮುಟ್ಟುವ ಜಾಗದಲ್ಲಿ ಟೈರಿನ ಕೆನ್ನೆ, ಅಂದರೆ ಪಕ್ಕದ ಗೋಡೆ, ಸ್ವಲ್ಪ ಉಬ್ಬುವುದು ಕಾಣುತ್ತದೆ. ನಿಜವಾದ ಪ್ರಯೋಜನ ಆ ಉಬ್ಬಿನಿಂದಲ್ಲ, ಟೈರಿನ ಹೆಜ್ಜೆಗುರುತು ಮುಂದಕ್ಕೂ ಹಿಂದಕ್ಕೂ ಉದ್ದವಾಗುವುದರಿಂದ. ಅದೇ ಭಾರ ಹೆಚ್ಚು ಜಾಗದ ಮೇಲೆ ಹರಡಿದಾಗ ಚಕ್ರ ಮರಳನ್ನು ಕೊರೆಯದೆ ಅದರ ಮೇಲೆ ತೇಲುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಗಾಳಿ ಕಡಿಮೆಯಿದ್ದಾಗ ವೇಗವಾಗಿ ಓಡಿಸಿದರೆ ಟೈರು ಬಿಸಿಯಾಗಿ ಹಾಳಾಗುತ್ತದೆ. ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. 12 ಪಿಎಸ್‌ಐಗಿಂತ ಕೆಳಗೆ ಇಳಿಸುವುದು ಹೂತುಹೋದಾಗಿನ ಕೊನೆಯ ಉಪಾಯವಾಗಿರಲಿ.

ಮರಳಿನಲ್ಲಿ ಓಡಿಸುವುದು

ಹಳ್ಳಕ್ಕೆ ಇಳಿಯುವ ಮೊದಲೇ, ಗಟ್ಟಿ ನೆಲದಲ್ಲಿ ನಿಂತಿರುವಾಗಲೇ ಫೋರ್ ವೀಲ್ ಡ್ರೈವ್ ಹಾಕಿಕೊಳ್ಳಿರಿ. ಒಣ ಮರಳು ಸಾಧಾರಣವಾಗಿದ್ದರೆ ಹೈ ರೇಂಜ್ ಸಾಕು. ಆಳವಾಗಿದ್ದರೆ, ದಡ ಹತ್ತಬೇಕಾದರೆ ಲೋ ರೇಂಜ್ ಬೇಕು. ಚಕ್ರ ಜಾರಿದ ಕೂಡಲೇ ಎಂಜಿನ್ ಶಕ್ತಿಯನ್ನು ಕಡಿತಗೊಳಿಸುವ ಟ್ರ್ಯಾಕ್ಷನ್ ಕಂಟ್ರೋಲ್ ವ್ಯವಸ್ಥೆ ಆಳದ ಮರಳಿನಲ್ಲಿ ವಾಹನವನ್ನು ನಿಲ್ಲಿಸಿಬಿಡುವುದರಿಂದ ಹೆಚ್ಚಿನ ವಾಹನಗಳಲ್ಲಿ ಅದನ್ನು ಆರಿಸಬೇಕಾಗುತ್ತದೆ. ನಿಮ್ಮ ವಾಹನದ ಕೈಪಿಡಿ ಏನು ಹೇಳುತ್ತದೆ ಎಂಬುದನ್ನು ಮನೆಯಲ್ಲೇ ಓದಿಕೊಂಡಿರಿ.

ಇನ್ನು ಕಾಲಿನ ಕೆಲಸ. ಎಕ್ಸಲರೇಟರನ್ನು ಒಂದೇ ಸಮನಾಗಿ, ಅಲುಗಾಡದಂತೆ ಹಿಡಿದಿರಬೇಕು. ಬೇಕಾಗಿರುವುದು ವೇಗವಲ್ಲ, ಕಡಿಯದ ಓಟ. ಗಂಟೆಗೆ 10ರಿಂದ 15 ಮೈಲಿಯಲ್ಲಿ ಸಾಗುವ ವಾಹನ ಮರಳಿನ ತೇಪೆಯೊಂದನ್ನು ದಾಟುತ್ತದೆ. ನಡುವೆ ಅಂಜಿ ಕಾಲು ತೆಗೆದದ್ದು ಅಲ್ಲೇ ಕೂರುತ್ತದೆ. ಗೇರ್ ಬದಲಿಸುವುದನ್ನು ಆಳದ ಮರಳಿಗೆ ಮುಂಚೆಯೇ ಮುಗಿಸಿರಿ, ಆಟೋಮ್ಯಾಟಿಕ್ ಆದರೆ ಕೈಯಿಂದ ಕೆಳಗಿನ ಗೇರಿನಲ್ಲಿ ಹಿಡಿದಿಡಿರಿ. ಸ್ಟೀರಿಂಗನ್ನು ಅಗಲವಾಗಿ, ನಿಧಾನವಾಗಿ ತಿರುಗಿಸಿರಿ, ಏಕೆಂದರೆ ಪೂರ್ತಿ ತಿರುಗಿದ ಮುಂಚಕ್ರ ಸಲಿಕೆಯಂತೆ ಮರಳನ್ನು ತಳ್ಳತೊಡಗುತ್ತದೆ. ಓಟ ಕುಂದುತ್ತಿದೆ ಅನಿಸಿದರೆ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕಾಲು ಸುತ್ತಿನಷ್ಟು ಆಡಿಸಿದಾಗ ಟೈರಿನ ಅಂಚುಗಳು ಹೊಸ ಮರಳನ್ನು ಕಚ್ಚುತ್ತವೆ. ಎಷ್ಟೋ ಬಾರಿ ಇಷ್ಟರಿಂದಲೇ ವಾಹನ ದಾಟಿಬಿಡುತ್ತದೆ.

ನಿಲ್ಲುವುದಕ್ಕೂ ಒಂದು ಕ್ರಮವಿದೆ. ಬ್ರೇಕ್ ಒತ್ತಿದರೆ ಪ್ರತಿ ಚಕ್ರದ ಮುಂದೆ ಮರಳಿನ ಗುಪ್ಪೆಯೊಂದು ಏಳುತ್ತದೆ, ಮತ್ತೆ ಹೊರಡುವಾಗ ಆ ನಾಲ್ಕು ಗುಪ್ಪೆಗಳನ್ನು ಹತ್ತಬೇಕಾಗುತ್ತದೆ. ಆದ್ದರಿಂದ ಕಾಲು ತೆಗೆದು ವಾಹನ ತಾನಾಗಿ ನಿಲ್ಲಲು ಬಿಡಿರಿ, ಸಾಧ್ಯವಾದಲ್ಲಿ ಗಟ್ಟಿ ಜಾಗದಲ್ಲಿ, ಮೂತಿ ಇಳಿಜಾರಿನ ಕಡೆಗಿರುವಂತೆ ನಿಲ್ಲಿಸಿರಿ. ಮಾರ್ಗದರ್ಶಕರು ಬೇರೆ ವಾಹನದಲ್ಲಿ ಮುಂದಿದ್ದರೆ ಅವರ ಚಕ್ರದ ಗುರುತನ್ನೇ ಹಿಡಿದು ಸಾಗಿರಿ, ಆದರೆ ಅವರು ಹೂತರೆ ನೀವೂ ಹೂಳದಷ್ಟು ಅಂತರವಿರಲಿ. ಗುರುತು ಬಿಟ್ಟು ದಡದ ಹೊಸ ಜಾಗಕ್ಕೆ ಹೋಗುವುದು ತಪ್ಪು. ಅದು ಯಾರದೋ ಹೊಲವಾಗಿರಬಹುದು, ಮತ್ತೆ ಮೂಡಲು ವರ್ಷಗಳೇ ಬೇಕಾಗುವ ಜೀವಂತ ಮಣ್ಣಿನ ಹೊರಪದರವೂ ಆಗಿರಬಹುದು.

ದಡದ ಪೊದೆಗಳ ಬಗ್ಗೆಯೂ ಎಚ್ಚರ ಬೇಕು. ಮಣ್ಣು ಕೊಚ್ಚಿಹೋಗುವುದನ್ನು ತಡೆಯಲೆಂದು ಕಳೆದ ಶತಮಾನದಲ್ಲಿ ಇಲ್ಲಿ ಟ್ಯಾಮರಿಸ್ಕ್ ಮತ್ತು ರಷ್ಯನ್ ಆಲಿವ್ ಗಿಡಗಳನ್ನು ನೆಡಲಾಯಿತು. ಅವು ದಡವನ್ನು ಬಿಗಿಹಿಡಿದು ಹಬ್ಬಿಬಿಟ್ಟವು. ರಷ್ಯನ್ ಆಲಿವ್‌ನ ಒಣ ಮುಳ್ಳು ಟೈರಿಗೆ ಚುಚ್ಚಿಕೊಳ್ಳುತ್ತದೆ, ಗಾಳಿ ಇಳಿಸಿದ ಟೈರಿನ ಉಬ್ಬಿದ ಕೆನ್ನೆ ಅದಕ್ಕೆ ಸುಲಭದ ತುತ್ತು.

ನೀರು ದಾಟುವಾಗ

ಹಳ್ಳ ಹರಿಯುತ್ತಿರುವ ದಿನಗಳಲ್ಲಿ ಒಂದೇ ಪಯಣದಲ್ಲಿ ಅದನ್ನು ಮತ್ತೆ ಮತ್ತೆ ದಾಟಬೇಕಾಗುತ್ತದೆ. ನೀರು ಪಾದ ಮುಳುಗುವಷ್ಟೇ ಇದ್ದರೂ ಅದರ ಕೆಳಗಿನ ಮರಳು ಎಂಥದೆಂಬುದು ಮುಖ್ಯ. ಒದ್ದೆ ಮರಳು ಕೆಲವೆಡೆ ಕಾಂಕ್ರೀಟಿನಷ್ಟು ಗಟ್ಟಿ, ಹತ್ತು ಅಡಿ ಆಚೆಗೆ ಹೂಳುಮರಳು. ಮೇಲಿನಿಂದ ಎರಡೂ ಒಂದೇ ಬಣ್ಣ, ಒಂದೇ ಹೊಳಪು. ಎಲ್ಲಿ ದಾಟಬೇಕು ಎಂಬ ತೀರ್ಮಾನವನ್ನು ಪೂರ್ತಿಯಾಗಿ ಮಾರ್ಗದರ್ಶಕರಿಗೆ ಬಿಡಿರಿ. ಅವರು ಇಳಿದು ನಡೆದು ನೋಡಿಬರುತ್ತೇನೆ ಎಂದರೆ ಅವಸರಪಡಿಸಬೇಡಿರಿ.

ದಾಟಲು ಹೊರಟ ಮೇಲೆ ನಡುವೆ ನಿಲ್ಲಬಾರದು. ನಿಂತ ಚಕ್ರದ ಸುತ್ತ ಹರಿಯುವ ನೀರು ಟೈರಿನ ಕೆಳಗಿನ ಮರಳನ್ನು ತೊಳೆದುಕೊಂಡು ಹೋಗುತ್ತದೆ. ಫೋಟೋಗಾಗಿ ಒಂದು ಗಳಿಗೆ ನಿಂತರೂ ಮೊದಲು ಒಂದು ಮೂಲೆ ತಗ್ಗುತ್ತದೆ, ಆಮೇಲೆ ಬಾಗಿಲಿನ ಅಂಚು ನೀರಿಗೆ ತಾಗುತ್ತದೆ, ಅಷ್ಟರಲ್ಲಿ ಹೊರಡಲು ಹಿಡಿತವೇ ಉಳಿದಿರುವುದಿಲ್ಲ. ನೀರು ಕೆಂಪಾಗಿ ರಭಸದಿಂದ ಹರಿಯುತ್ತಿದ್ದರೆ ದಾಟುವ ಪ್ರಶ್ನೆಯೇ ಇಲ್ಲ: ಒಂದಡಿ ಆಳದ ರಭಸದ ನೀರು ಸಣ್ಣ ಕಾರನ್ನು ಸರಿಸುತ್ತದೆ, ಎರಡಡಿಯ ನೀರು ದೊಡ್ಡ ಜೀಪುಗಳನ್ನೂ ಹೊತ್ತೊಯ್ಯುತ್ತದೆ.

ಹೂತುಹೋದರೆ

ವಾಹನ ಮುಂದೆ ಸಾಗುತ್ತಿಲ್ಲ ಎಂದು ತಿಳಿದ ಕ್ಷಣವೇ ಎಕ್ಸಲರೇಟರಿನಿಂದ ಕಾಲು ತೆಗೆಯಿರಿ. ಚಕ್ರದ ಪ್ರತಿ ಸುತ್ತೂ ಅದರ ಕೆಳಗಿನ ಕುಳಿಯನ್ನು ಆಳ ಮಾಡುತ್ತದೆ. ಎಲ್ಲರನ್ನೂ ಇಳಿಸಿ, ಭಾರ ಕಡಿಮೆ ಮಾಡಿ, ಬಂದ ಗುರುತಿನಲ್ಲೇ ಹಿಂದಕ್ಕೆ ಹೋಗಲು ಒಮ್ಮೆ ಮೃದುವಾಗಿ ಪ್ರಯತ್ನಿಸಿರಿ. ಆ ಮರಳು ಆಗಲೇ ಅಮುಕಿ ಗಟ್ಟಿಯಾಗಿರುವುದರಿಂದ ಹಿಂದಿನ ದಾರಿ ಮುಂದಿನ ದಾರಿಗಿಂತ ಸುಲಭ. ಆಗದಿದ್ದರೆ ಸಲಿಕೆ ಹಿಡಿಯಿರಿ. ನಾಲ್ಕೂ ಚಕ್ರಗಳ ಎದುರು ಇಳಿಜಾರಾಗಿ ಮರಳು ತೆಗೆಯಬೇಕು, ವಾಹನದ ಹೊಟ್ಟೆಯೂ ಅಚ್ಚೂ ಮರಳಿಗೆ ತಾಗಿದ್ದರೆ ಅಲ್ಲಿಯೂ ತೆಗೆಯಬೇಕು. ಬಹಳ ಮಂದಿ ಈ ಎರಡನೆಯ ಕೆಲಸ ಬಿಟ್ಟು ಚಕ್ರದ ಮುಂದೆ ಮಾತ್ರ ತೋಡಿ ಸೋಲುತ್ತಾರೆ. ನಂತರ ಹಲಗೆಗಳನ್ನು ಚಕ್ರಕ್ಕೆ ಒತ್ತಿ ಇಟ್ಟು, ಅತ್ಯಂತ ನಿಧಾನವಾಗಿ ಹತ್ತಿಸಿ, ಗಟ್ಟಿ ನೆಲ ಸಿಗುವವರೆಗೆ ನಿಲ್ಲಿಸದೆ ಓಡಿಸಿರಿ. ಹಲಗೆಗಳನ್ನು ಆಮೇಲೆ ನಡೆದು ಬಂದು ತೆಗೆದುಕೊಳ್ಳಬಹುದು.

ಇನ್ನೊಂದು ವಾಹನ ಎಳೆಯುವುದಾದರೆ ಪಟ್ಟಿ ಕಟ್ಟಿದ ಮೇಲೆ ಉಳಿದವರೆಲ್ಲ ಪಟ್ಟಿಯ ಉದ್ದಕ್ಕಿಂತ ಹೆಚ್ಚು ದೂರ, ಬದಿಗೆ ನಿಲ್ಲಬೇಕು. ಮಕ್ಕಳಿದ್ದರೆ ಅವರ ಕೈಯನ್ನು ಒಬ್ಬರು ಹಿಡಿದೇ ಇರಲಿ. ಹರಿಯುವ ನೀರಿನಲ್ಲಿ ಹೂತಿದ್ದರೆ ಇಷ್ಟೆಲ್ಲ ವ್ಯವಧಾನ ಇರುವುದಿಲ್ಲ. ಮೊದಲು ಜನ ದಡ ಸೇರಲಿ, ವಾಹನದ ಮಾತು ಆಮೇಲೆ.

ದಿಢೀರ್ ಪ್ರವಾಹ

ತಲೆಯ ಮೇಲೆ ಆಕಾಶ ನೀಲಿಯಾಗಿರುವಾಗಲೇ ಇಲ್ಲಿ ಪ್ರವಾಹ ಬರಬಲ್ಲದು. 1997ರ ಆಗಸ್ಟ್ 12ರಂದು ಇದೇ ನವಾಹೋ ನಾಡಿನ ಪೇಜ್ ಊರಿನ ಬಳಿಯ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ, ಮೇಲ್ಭಾಗದಲ್ಲಿ ಸುರಿದ ಮಳೆಯ ನೀರು ನುಗ್ಗಿ 11 ಪ್ರವಾಸಿಗರು ಪ್ರಾಣ ಕಳೆದುಕೊಂಡರು. ಆ ಕಮರಿಯ ಮೇಲೆ ಆಗ ಹೆಚ್ಚಿನ ಮಳೆಯೇ ಇರಲಿಲ್ಲ. ಕ್ಯಾನ್ಯನ್ ಡಿ ಶೇ ಅದಕ್ಕಿಂತ ಬಹಳ ಅಗಲವಾದರೂ ನಿಯಮ ಒಂದೇ: ಚಿನ್ಲಿಯ ಹವಾಮಾನವನ್ನಷ್ಟೇ ನೋಡಿದರೆ ಸಾಲದು, ಪೂರ್ವದ ಚುಸ್ಕಾ ಬೆಟ್ಟಗಳ ಮುನ್ಸೂಚನೆಯನ್ನೂ ನೋಡಬೇಕು. ಮಳೆಗಾಲದಲ್ಲಿ ಬೆಳಗಿನ ಜಾವ ಇಳಿದು ಮಧ್ಯಾಹ್ನದ ಹೊತ್ತಿಗೆ ಮೇಲೆ ಬರುವಂತೆ ಯೋಜಿಸಿರಿ.

ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕದಡುವುದು, ನೊರೆಯ ಜೊತೆ ಕಡ್ಡಿ ಎಲೆಗಳು ತೇಲಿಬರುವುದು, ಕಣಿವೆಯ ಮೇಲ್ಭಾಗದಿಂದ ಕೇಳುವ ಎಡೆಬಿಡದ ಗುಡುಗಿನಂಥ ಸದ್ದು, ಇವುಗಳಲ್ಲಿ ಯಾವುದೊಂದು ಕಂಡರೂ ಪ್ರವಾಹಕ್ಕಿಂತ ಮುಂದೆ ಓಡಿಸಿ ಕಣಿವೆಯ ಬಾಯಿ ಸೇರುತ್ತೇನೆಂದು ಹೊರಡಬೇಡಿರಿ. ಹತ್ತಿರದ ಎತ್ತರದ ದಡಕ್ಕೆ ವಾಹನ ಹತ್ತಿಸಲು ಸಾಧ್ಯವಿದ್ದರೆ ಹತ್ತಿಸಿರಿ, ಇಲ್ಲವೆಂದರೆ ಅದನ್ನು ಬಿಟ್ಟು ಕಾಲ್ನಡಿಗೆಯಲ್ಲಿ ಮೇಲೇರಿರಿ. ನೀರು ಇಳಿಯುವವರೆಗೆ ಗಂಟೆಗಟ್ಟಲೆ ಕಾಯಬೇಕಾಗಬಹುದು. ಊಟ, ನೀರು, ಬೆಚ್ಚನೆಯ ಬಟ್ಟೆ ಜೊತೆಗಿರಬೇಕಾದದ್ದು ಇದಕ್ಕಾಗಿಯೂ ಹೌದು.

ಕಣಿವೆಯ ಜನರ ನಡುವೆ

ಮನೆಗಳ, ಹೊಲಗಳ ಬಳಿ ನಡಿಗೆಯ ವೇಗಕ್ಕೆ ಇಳಿಯಿರಿ. ಕುದುರೆಯ ಮೇಲೆ ಬರುವವರು ಎದುರಾದರೆ ಬದಿಗೆ ನಿಂತು ಎಂಜಿನ್ ಆರಿಸಿ ದಾರಿ ಬಿಡಿರಿ. ಜನರ, ಮನೆಗಳ, ದನಕರುಗಳ ಫೋಟೋ ತೆಗೆಯುವ ಮೊದಲು ಕೇಳಬೇಕು. ಒಪ್ಪಿದವರಿಗೆ ಸಣ್ಣ ಮೊತ್ತ ಕೊಡುವುದು ವಾಡಿಕೆ. ಪರಿಚಯವಾದಾಗ ಕೈಯನ್ನು ಬಿಗಿಯಾಗಿ ಕುಲುಕದೆ ಮೃದುವಾಗಿ ಮುಟ್ಟುವುದು ದಿನೆ ಜನರ ರೀತಿ. ವೈಟ್ ಹೌಸ್, ಆಂಟಿಲೋಪ್ ಹೌಸ್ ಮೊದಲಾದ ಪ್ರಾಚೀನ ವಸತಿಗಳ ಒಳಗೆ ಕಾಲಿಡುವಂತಿಲ್ಲ, ಮಡಕೆಯ ಚೂರನ್ನೂ ಎತ್ತಿಕೊಳ್ಳುವಂತಿಲ್ಲ. ಮಾರ್ಗದರ್ಶಕರು ಒಂದು ಜಾಗದ ಬಗ್ಗೆ ಮಾತನಾಡಲು ಇಷ್ಟಪಡದಿದ್ದರೆ ಕೆದಕಬೇಡಿರಿ. ನೀವು ಓಡಿಸಿದ ದಾರಿಯ ಜಿಪಿಎಸ್ ಗುರುತನ್ನು ಅಂತರ್ಜಾಲದಲ್ಲಿ ಹಂಚಬೇಡಿರಿ ಎಂದೂ ಕೇಳಿಕೊಳ್ಳುತ್ತೇನೆ. ಮುಂದಿನ ಪ್ರವಾಹದ ನಂತರ ಅದು ಸುಳ್ಳಾಗುತ್ತದೆ, ಅದನ್ನು ನಂಬಿದವರು ಅನುಮತಿಯಿಲ್ಲದೆ ಯಾರದೋ ಅಂಗಳಕ್ಕೆ ನುಗ್ಗುತ್ತಾರೆ.

ಇದೇ ಮಾತು ನವಾಹೋ ನಾಡಿನ ಉಳಿದ ಮಣ್ಣುರಸ್ತೆಗಳಿಗೂ ಅನ್ವಯಿಸುತ್ತದೆ. ಸಂಖ್ಯೆಯುಳ್ಳ ರಸ್ತೆಯಿಂದ ಕವಲೊಡೆಯುವ ಎರಡು ಗೆರೆಯ ಜಾಡುಗಳು ಹೆಚ್ಚಾಗಿ ಒಂದು ಮನೆಯ ಬಾಗಿಲಿಗೆ ಹೋಗಿ ಮುಗಿಯುತ್ತವೆ. ಜೇಡಿ ಹೆಚ್ಚಿರುವ ಜಾಡುಗಳು ಮಳೆ ಬಿದ್ದಾಗ ಸಾಬೂನಿನಂತೆ ಜಾರುವುದರಿಂದ, ಒಣಗುವವರೆಗೆ ಕಾಯುವುದೊಂದೇ ದಾರಿ. ಮಾರ್ಗದರ್ಶಕರಿಲ್ಲದೆ ನೀವೇ ಓಡಿಸಬಹುದಾದ ಜಾಗ ಬೇಕೆಂದರೆ ಮಾನ್ಯುಮೆಂಟ್ ವ್ಯಾಲಿಯ 17 ಮೈಲಿಯ ಸುತ್ತುದಾರಿಗೆ ಹೋಗಿರಿ. ಟಿಕೆಟ್ ಕೊಂಡು, ಗುರುತಿಸಿದ ದಾರಿಯಲ್ಲೇ ಉಳಿದರೆ ಅಲ್ಲಿ ಮರಳಿನ ಮೊದಲ ಪಾಠಗಳನ್ನು ಕಲಿಯಬಹುದು. ಆ ಸುತ್ತಿನಾಚೆಗೆ ಅಲ್ಲಿಯೂ ನವಾಹೋ ಮಾರ್ಗದರ್ಶಕರು ಬೇಕು.

ಮೇಲೆ ಬಂದ ಮೇಲೆ

ಡಾಂಬರು ಮುಟ್ಟಿದ ಕೂಡಲೇ ಕಂಪ್ರೆಸರ್ ತೆಗೆದು ನಾಲ್ಕೂ ಟೈರಿಗೆ ಗಾಳಿ ತುಂಬಿರಿ, ಫೋರ್ ವೀಲ್ ಡ್ರೈವ್ ಬಿಡಿಸಿರಿ. ಮಾರ್ಗದರ್ಶಕರಿಗೆ ಶುಲ್ಕದ ಮೇಲೆ ಸಂತೋಷದಿಂದ ಕೈಗೆ ಬಂದಷ್ಟು ಕೊಡಿರಿ. ಬ್ರೇಕ್ ಒತ್ತಿದಾಗ ಕರಕರ ಸದ್ದು ಬಂದರೆ ಮರಳು ಸೇರಿದೆ ಎಂದರ್ಥ, ನೀರು ಹಾಯಿಸಿ ತೊಳೆಯಬೇಕು. ರಾತ್ರಿ ಹೆದ್ದಾರಿಯಲ್ಲಿ ಹೊರಡುವುದಾದರೆ ಬೇಲಿಯಿಲ್ಲದ ಕಡೆಗಳಲ್ಲಿ ಕುದುರೆಗಳೂ ಹಸುಗಳೂ ರಸ್ತೆಯ ಮೇಲೆಯೇ ನಿಂತಿರುತ್ತವೆ ಎಂಬುದು ನೆನಪಿರಲಿ; ಸಾಧ್ಯವಾದರೆ ಬೆಳಗಾಗುವವರೆಗೆ ಚಿನ್ಲಿಯಲ್ಲೇ ಉಳಿಯಿರಿ. ಬೆಳಿಗ್ಗೆ ಹೊರಡುವ ಮೊದಲು ಏರ್ ಫಿಲ್ಟರ್ ಬಿಚ್ಚಿ ತಟ್ಟಿ, ಟೈರುಗಳ ಗಾಳಿಯನ್ನು ಮತ್ತೊಮ್ಮೆ ಅಳೆಯಿರಿ. ಒಂದರಲ್ಲಿ ಮಾತ್ರ ಎರಡು ಮೂರು ಪಿಎಸ್‌ಐ ಇಳಿದಿದ್ದರೆ ಅದರ ಕೆನ್ನೆಯನ್ನು ಸುತ್ತಲೂ ಕೈಯಾಡಿಸಿ ನೋಡಿರಿ, ರಷ್ಯನ್ ಆಲಿವ್‌ನ ಮುಳ್ಳು ಅಲ್ಲಿ ಮುರಿದು ಕುಳಿತಿರಬಹುದು. ಕೆನ್ನೆಗೆ ಹಾಕಿದ ಪಂಕ್ಚರ್ ಹೆದ್ದಾರಿಯ ವೇಗಕ್ಕೆ ನಿಲ್ಲುವುದಿಲ್ಲವಾದ್ದರಿಂದ ಸ್ಟೆಪ್ನಿ ಹಾಕಿಕೊಂಡೇ ಊರು ಬಿಡಬೇಕು.